ಬೇಗಂಪೇಟೆಯ ತಾರಸಿ: ನೀರಿಗೆ ದಾರಿ, ದುಡ್ಡಿಗೆ ಲೆಕ್ಕ

ಟೊರೊಂಟೊದಲ್ಲಿರುವ ನನ್ನ ತಮ್ಮ ತನ್ನ ಮನೆಯ ಛಾವಣಿ ಬದಲಿಸಿದ. ಹಳೆಯ ಡಾಂಬರು ಹೆಂಚು ಕಿತ್ತು, ಹಿಮ ಕರಗಿದ ನೀರು ಒಳನುಗ್ಗದಂತೆ ಸೂರಿನಂಚಿಗೆ ಅಂಟುಹಾಳೆ ಹಾಸಿ, ಹೊಸ ಹೆಂಚು ಹೊಡೆದು ಮುಗಿಸಲು ಅಲ್ಲಿಯವರಿಗೆ ಎರಡು ದಿನ ಸಾಕಾಯಿತು. ಅದೇ ಹೊತ್ತಿಗೆ ಹೈದರಾಬಾದಿನ ಬೇಗಂಪೇಟೆಯಲ್ಲಿ ನಮ್ಮ ತಾರಸಿಯ ಕೆಲಸ ಎರಡನೇ ತಿಂಗಳಿಗೆ ಕಾಲಿಟ್ಟಿತ್ತು. "ನಿಮ್ಮಲ್ಲಿ ಹಿಮಾ ಬೀಳೂದಿಲ್ಲ, ಏನಿಲ್ಲ. ಛತ್ತಿಗಿ ಯಾಕ ಇಷ್ಟು ಚಿಂತಿ ಅಕ್ಕಾ?" ಎಂದು ಫೋನಿನಲ್ಲಿ ಕೇಳಿದ. ಅಂದು ಉತ್ತರ ಹೊಳೆಯಲಿಲ್ಲ. ಇಂದು ಲೆಕ್ಕ ಹಾಕಿ ಹೇಳಬಲ್ಲೆ.

ಹೊಸದಾಗಿ ಬಿದ್ದ ಹಿಮ ಹಗುರ. ಒಂದಡಿ ದಪ್ಪ ಬಿದ್ದರೂ ಚದರ ಮೀಟರಿಗೆ 30 ಕಿಲೋ ಆಸುಪಾಸು. ದಿನಗಟ್ಟಲೆ ಕೂತು ತೇವ ಹೀರಿದ ಹಿಮವಾದರೆ ಅದೇ ಒಂದಡಿ 90 ಕಿಲೋ ಮುಟ್ಟಬಹುದು. ನಮ್ಮ ಸಪಾಟು ತಾರಸಿಯ ಪೈಪಿಗೆ ಎಲೆ, ಪಾರಿವಾಳದ ಪುಕ್ಕ ಸಿಕ್ಕಿಕೊಂಡು ಆರಿಂಚು ನೀರು ನಿಂತಿತೆನ್ನಿ, ಅದು ಚದರ ಮೀಟರಿಗೆ 150 ಕಿಲೋ. ಜನ ಹತ್ತಿ ಓಡಾಡುವ ಛಾವಣಿ ಇಷ್ಟು ಹೊರಲಿ ಎಂದು ಐಎಸ್ 875 ಮಾನಕ ಗೊತ್ತುಮಾಡಿರುವ ಭಾರವೂ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ ಅದೇ 150 ಕಿಲೋ. ಒಂದು ರಾತ್ರಿ ಪೈಪು ಕಟ್ಟಿಕೊಂಡರೆ ಸ್ಲ್ಯಾಬು ಹೊರಬೇಕಾದ ಭಾರವನ್ನೆಲ್ಲ ನೀರೊಂದೇ ತುಂಬಿಬಿಡುತ್ತದೆ.

ಇದು ಬರೀ ಊಹೆಯಲ್ಲ. ಹವಾಮಾನ ಇಲಾಖೆಯ ಕೇಂದ್ರ ನಮ್ಮ ಬೇಗಂಪೇಟೆಯಲ್ಲೇ, ಹಳೆಯ ವಿಮಾನ ನಿಲ್ದಾಣದ ಬಳಿ ಇದೆ. 2000ದ ಆಗಸ್ಟ್ 24ರಂದು ಅಲ್ಲಿ ಒಂದೇ ದಿನಕ್ಕೆ ಅಳೆದ ಮಳೆ 24 ಸೆಂಟಿಮೀಟರು. 2020ರ ಅಕ್ಟೋಬರ್ 13-14ರ ನಡುವೆ 19 ಸೆಂಟಿಮೀಟರು. ವರ್ಷವಿಡೀ ಸುಮಾರು 80 ಸೆಂಟಿಮೀಟರು ಮಳೆ ಕಾಣುವ ಊರು ಇದು. ಸಾವಿರ ಚದರಡಿ ತಾರಸಿಯ ಮೇಲೆ 24 ಸೆಂಟಿಮೀಟರು ಬಿದ್ದರೆ 22 ಸಾವಿರ ಲೀಟರು, ಅಂದರೆ 22 ಟನ್. ಅಷ್ಟೂ ಹರಿದುಹೋಗಲು ನಿಮ್ಮ ಮನೆಯಲ್ಲಿ ಎಷ್ಟು ಪೈಪುಗಳಿವೆ? ತಾರಸಿಗೆ ಹಣ ಹೊಂದಿಸುವ ಯಾರೇ ಆಗಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಯಾವ ಕಂಪನಿಯ ಡಬ್ಬ ತರೋಣ ಎನ್ನುವುದು ಬಹಳ ಆಮೇಲಿನ ಮಾತು.

ತಲೆಯ ಮೇಲಿರುವುದು ಯಾವ ಛಾವಣಿ?

ಬೇಗಂಪೇಟೆಯ ಹಳೆಯ ಗಲ್ಲಿಗಳಲ್ಲಿ ಇನ್ನೂ ಗರ್ಡರ್ ಛತ್ತಿನ ಮನೆಗಳಿವೆ. ಕಬ್ಬಿಣದ ಗರ್ಡರುಗಳ ನಡುವೆ ಶಹಾಬಾದ್ ಕಲ್ಲಿನ ಚಪ್ಪಡಿ ಕೂಡಿಸಿ, ಮೇಲೆ ಸುಣ್ಣದ ಗಾರೆ ಬಡಿದು ಮಾಡಿದ್ದು. ಕಲಬುರ್ಗಿಯಿಂದ ಬಂದ ನಮ್ಮಂಥವರಿಗೆ ಈ ಕಲ್ಲು ತವರಿನದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಆ ಹಳಿ ಇವತ್ತಿಗೂ ಬೇಗಂಪೇಟೆ ಸ್ಟೇಷನ್ ದಾಟಿಯೇ ಸಾಗುತ್ತದೆ, ಶಹಾಬಾದ್ ಇರುವುದು ವಾಡಿಯ ಪಕ್ಕದಲ್ಲಿ. 1956ರವರೆಗೆ ಕಲಬುರ್ಗಿ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದೊಳಗಿದ್ದವು. ಜನ ಬಂದಂತೆ ಕಲ್ಲೂ ಬಂತು.

ನಿಮ್ಮದು ಇಂಥ ಛತ್ತಾಗಿದ್ದರೆ ಒಡೆಯುವ ಮಾತು ಎತ್ತುವ ಮುಂಚೆ ಗರ್ಡರಿನ ಎರಡು ತುದಿಗಳನ್ನು, ಗೋಡೆಯೊಳಗೆ ಹೂತ ಜಾಗವನ್ನು, ಕೆರೆದು ನೋಡಿಸಿ. ತುಕ್ಕು ಶುರುವಾಗುವುದು ಅಲ್ಲಿಂದ. ತುದಿ ಗಟ್ಟಿಯಿದ್ದರೆ ಕಲ್ಲು ಉಳಿಸಿಕೊಂಡು ಮೇಲಿನ ಗಾರೆಯನ್ನಷ್ಟೇ ತೆಗೆದು ಹೊಸದು ಹಾಕಬಹುದು. ಅದೂ ಸುಣ್ಣದ್ದೇ ಆಗಲಿ. ಹಳೆಯ ಗಾರೆಯ ಮೇಲೆ ಸಿಮೆಂಟು ಬಳಿದರೆ ಕೆಳಗಿನದು ಹಿಗ್ಗಿ ಕುಗ್ಗುವ ಲಯವೇ ಬೇರೆ, ಮೇಲಿನದೇ ಬೇರೆ. ಒಂದೆರಡು ಬೇಸಿಗೆಯಲ್ಲಿ ಬಿರುಕು ಕಾಣಿಸುತ್ತದೆ, ಆ ಬಿರುಕಿನಿಂದ ಇಳಿದ ನೀರು ಮೇಲಕ್ಕೆ ಆರಲಾರದೆ ಗರ್ಡರನ್ನು ತಿನ್ನುತ್ತದೆ.

ಹೆಚ್ಚಿನವರದು ಅರವತ್ತರಿಂದ ಎಂಬತ್ತರ ದಶಕದ ಆರ್‌ಸಿಸಿ ಸ್ಲ್ಯಾಬು. ನಮ್ಮದೂ ಅದೇ. ಈ ಲೇಖನದ ಹೆಚ್ಚಿನ ಮಾತು ಅದರ ಬಗ್ಗೆ.

ಸೋರುವುದು ಎಲ್ಲಿ?

ಮಳೆಗಾಲ ಬಂದಾಗ ಬಕೆಟ್ ಇಡುವುದರ ಜೊತೆಗೆ ಒಂದು ನೋಟ್‌ಬುಕ್ಕೂ ಇಡಿ. ಯಾವ ಕೋಣೆ, ಯಾವ ಮೂಲೆ, ಮಳೆ ಶುರುವಾಗಿ ಎಷ್ಟು ಹೊತ್ತಿಗೆ ತೇವ ಕಂಡಿತು, ನಿಂತ ಮೇಲೆ ಎಷ್ಟು ದಿನ ಉಳಿಯಿತು, ಎಲ್ಲ ಬರೆಯಿರಿ. ಮಳೆ ಬಂದ ಕೂಡಲೇ ಹನಿಯುವುದಾದರೆ ನೇರ ಬಿರುಕು ಅಥವಾ ಪೈಪಿನ ಸುತ್ತಲಿನ ಸಂದು. ಒಂದು ದಿನ ತಡೆದು ಕಾಣಿಸುವ ತೇವ ಹಳೆಯ ಇಟ್ಟಿಗೆ ಚೂರಿನ ಪದರದಲ್ಲಿ ನೀರು ನಿಂತು ಇಳಿಯುತ್ತಿರುವುದರ ಗುರುತು. ಗೋಡೆ ಮತ್ತು ಸೂರು ಸೇರುವ ಗೆರೆಯುದ್ದಕ್ಕೂ ಕಲೆಯಿದ್ದರೆ ಪ್ಯಾರಾಪೆಟ್ ಗೋಡೆಯ ಬುಡವನ್ನು ನೋಡಿ. ಮಾರ್ಚಿನಲ್ಲೂ ತೇವ ಇದೆಯೆಂದರೆ ಅದು ಮಳೆಯದ್ದಲ್ಲ, ಟ್ಯಾಂಕಿನದೋ ನಲ್ಲಿ ಪೈಪಿನದೋ. ಆಗ ಬೇಕಾದದ್ದು ಪ್ಲಂಬರ್. ಛಾವಣಿಯ ಖರ್ಚೇ ಬೇಡವಾಗಬಹುದು.

ಮಳೆ ನಿಂತ ಮೇಲೆ ಸೂರಿಗೆ ಕೆಳಗಿನಿಂದ ಸಣ್ಣ ಸುತ್ತಿಗೆಯಿಂದ ತಟ್ಟಿಸಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಬಿಟ್ಟುಕೊಂಡ ಜಾಗ ಟೊಳ್ಳು ದನಿ ಕೊಡುತ್ತದೆ. ಟೊಳ್ಳಾದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಫೋಟೊ ತೆಗೆಯಿರಿ. ತುಕ್ಕು ಹಿಡಿದ ಸರಳು ತನ್ನ ಮೂಲ ಗಾತ್ರದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಅದರ ಒತ್ತಡಕ್ಕೇ ಕೆಳಗಿನ ಕಾಂಕ್ರೀಟು ಚಕ್ಕೆಯೇಳುವುದು. ಸರಳಿನ ಕೆಳಗೆ ಕನಿಷ್ಠ 20 ಮಿಲಿಮೀಟರು ಕಾಂಕ್ರೀಟಿನ ಹೊದಿಕೆ ಇರಬೇಕು. ನಮ್ಮ ಸೂರನ್ನು ಕೆರೆದಾಗ ಕೆಲವು ಕಡೆ ಬೆರಳುಗುರಿನಷ್ಟೂ ಇರಲಿಲ್ಲ.

ಇದಾದ ಮೇಲೆ ಸ್ಟ್ರಕ್ಚರಲ್ ಇಂಜಿನಿಯರ್. ಕೆಲಸ ಹಿಡಿಯುವ ಗುತ್ತಿಗೆದಾರನ ಕಡೆಯವರು ಬೇಡ, ಸಂಬಂಧವಿಲ್ಲದವರನ್ನು ಕರೆಸಿ. ಹೈದರಾಬಾದಿನಲ್ಲಿ ಜೆಎನ್‌ಟಿಯುವಿನಂಥ ಇಂಜಿನಿಯರಿಂಗ್ ಸಂಸ್ಥೆಗಳ ಸಿವಿಲ್ ವಿಭಾಗಗಳು, ಖಾಸಗಿ ಪ್ರಯೋಗಾಲಯಗಳು ಈ ಪರೀಕ್ಷೆ ಮಾಡಿಕೊಡುತ್ತವೆ. ಅಲ್ಟ್ರಾಸೌಂಡ್ ಹಾಯಿಸಿ ಒಳಗಿನ ಪೊಳ್ಳು ಹುಡುಕುವುದು ಒಂದು. ಚೂರು ಒಡೆದ ಹಸಿ ಮೈಗೆ ಫಿನಾಲ್‌ಫ್ತಲೀನ್ ಸಿಂಪಡಿಸುವುದು ಇನ್ನೊಂದು: ಆರೋಗ್ಯವಂತ ಕಾಂಕ್ರೀಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಗಾಳಿಯ ಇಂಗಾಲಾಮ್ಲ ಹೊಕ್ಕು ಕ್ಷಾರ ಕಳೆದುಕೊಂಡದ್ದು ಬಣ್ಣವನ್ನೇ ಹಿಡಿಯುವುದಿಲ್ಲ. ಗುಲಾಬಿಯ ಗೆರೆ ಸರಳಿನ ಕೆಳಗೇ ಇದ್ದರೆ ದುರಸ್ತಿ ಸಾಕು ಎನ್ನುವ ಆಸೆ ಇಟ್ಟುಕೊಳ್ಳಬಹುದು. ಸರಳಿನ ಮೇಲಕ್ಕೂ ಬಣ್ಣ ಏಳದೆ, ಸರಳು ಸವೆದು, ಸೂರು ನಡುವೆ ಬಾಗಿದ್ದರೆ ಇಂಜಿನಿಯರು ಸ್ಲ್ಯಾಬು ಬದಲಿಸಿ ಎನ್ನುತ್ತಾರೆ. ಆ ಮಾತನ್ನು ತಳ್ಳಿಹಾಕಿ ಮೇಲೊಂದು ಲೇಪ ಬಳಿಸಬೇಡಿ. ಒಳಗೆ ಮಲಗುವವರು ನಿಮ್ಮ ಮಕ್ಕಳೇ.

ಭಾರ ಏರಿಸುವ ದುರಸ್ತಿ

ಇಲ್ಲಿ ನಮ್ಮ ಮನೆಯ ನೋವೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಸೋರಿಕೆ ನಿಲ್ಲಿಸಲೆಂದು ಬಂದ ಗುತ್ತಿಗೆದಾರನೊಬ್ಬ ಹಳೆಯ ಇಟ್ಟಿಗೆ ಚೂರಿನ ಪದರದ ಮೇಲೆಯೇ ಇನ್ನೊಂದು ಪದರ ಹಾಕಿ ಹೋದ. ನಾಲ್ಕೂವರೆ ಇಂಚಿನ ಇಂಥ ಪದರ, ಅಂದರೆ ಬ್ರಿಕ್‌ಬ್ಯಾಟ್ ಕೋಬಾ, ಚದರ ಮೀಟರಿಗೆ 200 ಕಿಲೋ ಮೀರುತ್ತದೆ. ಸಾವಿರ ಚದರಡಿಗೆ ಸುಮಾರು 20 ಟನ್. ತಮ್ಮನ ಊರಿನ ಭಾಷೆಯಲ್ಲಿ ಹೇಳುವುದಾದರೆ ಎರಡಡಿಗೂ ಹೆಚ್ಚು ಒದ್ದೆ ಹಿಮವನ್ನು ಎಂದೂ ಕರಗದಂತೆ ಮನೆಯ ನೆತ್ತಿಗೆ ಕಟ್ಟಿದ ಹಾಗೆ. ಸೋರಿಕೆ ಎರಡು ವರ್ಷ ನಿಂತಿತ್ತು, ಮೂರನೆಯ ಮಳೆಗಾಲಕ್ಕೆ ಮರಳಿತು. ನೀರಿನ ವಾಟ ಸರಿಯಿರಲಿಲ್ಲ. ಪೈಪಿನ ಬಾಯಿ ಹೊಸ ಪದರಕ್ಕಿಂತ ಎತ್ತರದಲ್ಲಿತ್ತು.

ಆದ್ದರಿಂದ ಯಾರೇ ಬಂದು "ಮೇಲೊಂದು ಪದರ ಹಾಕಿಬಿಡೋಣ" ಎಂದರೆ ಒಪ್ಪಬೇಡಿ. ಹಳೆಯದನ್ನು ಸ್ಲ್ಯಾಬಿನವರೆಗೂ ಕಿತ್ತೇ ಹೊಸದು ಹಾಕಬೇಕು. ಕೀಳಿಸುವ ಕೂಲಿ ಹೊಟ್ಟೆ ಉರಿಸುತ್ತದೆ, ನಿಜ. ಆದರೆ ಕಿತ್ತಾಗಲೇ ಸ್ಲ್ಯಾಬಿನ ಮೇಲ್ಮೈ ಕಣ್ಣಿಗೆ ಬೀಳುವುದು, ಬಿರುಕುಗಳನ್ನು ಕೊರೆದು ತುಂಬಲು ಸಾಧ್ಯವಾಗುವುದು.

ವಾಟದ ಲೆಕ್ಕ ಸುಲಭ. ನೂರಕ್ಕೆ ಒಂದು ಇಳಿಜಾರು ಬೇಕು: ಹತ್ತಡಿ ಉದ್ದಕ್ಕೆ ಒಂದೂಕಾಲು ಇಂಚಿನಷ್ಟು. ಪೈಪಿಗೂ ಲೆಕ್ಕವಿದೆ. ಗಂಟೆಗೆ 100 ಮಿಲಿಮೀಟರು ಮಳೆ ಎಂದು ಹಿಡಿದರೆ ನಾಲ್ಕಿಂಚಿನ ಒಂದು ಪೈಪು ಸುಮಾರು 43 ಚದರ ಮೀಟರಿನ ನೀರನ್ನು ಇಳಿಸುತ್ತದೆ. ಸಾವಿರ ಚದರಡಿ ಅಂದರೆ 93 ಚದರ ಮೀಟರು, ಮೂರು ಪೈಪು ಬೇಕೇಬೇಕು. ನಮ್ಮಲ್ಲಿ ಇದ್ದದ್ದು ಎರಡು, ಅದೂ ಮೂರಿಂಚಿನವು. ಕೆಲಸಕ್ಕೆ ಬಂದ ಮೇಸ್ತ್ರಿ ಮಕ್ತಲ್ ಕಡೆಯವನು. ಮಕ್ತಲ್ ಇರುವ ಪಾಲಮೂರು ಸೀಮೆಯ ಕಟ್ಟಡ ಕೆಲಸಗಾರರು ಈ ಊರಿಗೆ ಹೊಸಬರಲ್ಲ, ಅವರಲ್ಲಿ ಗಡಿ ಭಾಗದ ಕನ್ನಡದವರೂ ಇದ್ದಾರೆ. ಅವನು ಪೈಪಿನ ಬಾಯಿ ನೋಡಿ ಹೇಳಿದ: "ಅಕ್ಕಾರ, ನೀರಿಗಿ ದಾರಿ ಮಾಡ್ರಿ. ನೀವು ಮಾಡ್ಲಿಲ್ಲಂದ್ರ ಅದು ತಾನ ಹುಡಕ್ಕೋತದ, ನಿಮ್ಮ ಮನಿ ಒಳಗಿಂದ."

ಪ್ಯಾರಾಪೆಟ್ ಬುಡದಲ್ಲಿ ಗೋಲಾ ಮಾಡಿಸುವುದನ್ನು ಮರೆಯಬೇಡಿ. ಗೋಡೆಯೂ ನೆಲವೂ ಸೇರುವ ಚೂಪು ಮೂಲೆಯನ್ನು ದುಂಡಗೆ ತುಂಬಿ, ನೀರು ತಡೆಯುವ ಪದರವನ್ನು ಅದರ ಮೇಲಿನಿಂದ ಗೋಡೆಗೆ ಒಂದಡಿ ಏರಿಸಬೇಕು. ಗೋಡೆಯ ಬಿರುಕಲ್ಲಿ ಅರಳಿ ಸಸಿ ಇದ್ದರೆ ಕೊಯ್ದರೆ ಸಾಲದು. ಬೇರು ತೆಗೆದು ಆ ಭಾಗವನ್ನು ಹೊಸದಾಗಿ ಕಟ್ಟಿಸಿ.

ಹಣದ ಮಾತು

ಚದರಡಿಗೆ ಇಷ್ಟು ಎಂದು ನಾನು ಬರೆದರೆ ನೀವು ಓದುವಷ್ಟರಲ್ಲಿ ದರ ಬದಲಾಗಿರುತ್ತದೆ. ಸಿಮೆಂಟಿನ ಜಿಎಸ್‌ಟಿಯೇ 2025ರ ಸೆಪ್ಟೆಂಬರ್ 22ರಂದು ಪ್ರತಿಶತ 28ರಿಂದ 18ಕ್ಕೆ ಇಳಿಯಿತು, ಹಳೆಯ ಕೊಟೇಶನ್ ಇದ್ದವರು ಹೊಸದು ಕೇಳಬೇಕಾಯಿತು. ದರಕ್ಕಿಂತ ಹಂಚಿಕೆ ಮುಖ್ಯ. ದುರಸ್ತಿಗೆ ನೂರು ರೂಪಾಯಿ ಇದೆಯೆಂದರೆ ನಾನು ಹೀಗೆ ಹಂಚುತ್ತೇನೆ: ಪರೀಕ್ಷೆಗೂ ಇಂಜಿನಿಯರಿಗೂ 5, ಸರಳು-ಕಾಂಕ್ರೀಟಿನ ದುರಸ್ತಿಗೆ 25, ವಾಟ ಮತ್ತು ನೀರು ತಡೆಯುವ ಪದರಕ್ಕೆ 35, ಪೈಪು-ಪ್ಯಾರಾಪೆಟ್‌ಗೆ 10, ಕೀಳುವುದು-ಮಣ್ಣು ಸಾಗಿಸುವುದು-ನೀರಿನ ಟ್ಯಾಂಕರಿಗೆ 10. ಉಳಿದ 15ನ್ನು ಮುಟ್ಟಬಾರದು. ಹಳೆಯ ಪದರ ಕಿತ್ತ ದಿನ ಅದು ತಾನಾಗಿ ಖರ್ಚಾಗುತ್ತದೆ.

ಸ್ಲ್ಯಾಬನ್ನೇ ಬದಲಿಸುವುದಾದರೆ ಲೆಕ್ಕದ ಗಾತ್ರವೇ ಬೇರೆ. ಸಾವಿರ ಚದರಡಿಗೆ ಐದಿಂಚಿನ ಸ್ಲ್ಯಾಬು ಅಂದರೆ ಹನ್ನೆರಡರ ಹತ್ತಿರ ಘನ ಮೀಟರು ಕಾಂಕ್ರೀಟು, ತೊಂಬತ್ತಕ್ಕೂ ಹೆಚ್ಚು ಚೀಲ ಸಿಮೆಂಟು, ಒಂದು ಟನ್ ಆಸುಪಾಸು ಕಬ್ಬಿಣ. ಇದನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಮರೆಯುವುದು ಒಡೆದು ಬೀಳುವ ಅವಶೇಷವನ್ನು: ಹಳೆಯ ಸ್ಲ್ಯಾಬು 29 ಟನ್, ಕೋಬಾ 20 ಟನ್, ಒಟ್ಟು ಐವತ್ತರ ಹತ್ತಿರ. ಗಲ್ಲಿಯೊಳಗೆ ಲಾರಿ ಬರದಿದ್ದರೆ ಸಣ್ಣ ಟ್ರಾಲಿಯಲ್ಲಿ ಹದಿನೈದಕ್ಕೂ ಹೆಚ್ಚು ಸುತ್ತು. ಇದನ್ನು ನಾಲೆಯ ದಂಡೆಗೆ ಸುರಿಯಲು ಬಿಡಬೇಡಿ. ಬೇಗಂಪೇಟೆಯ ಬೀದಿಗಳು ಮುಳುಗುವುದೇ ಆ ನಾಲೆ ಉಕ್ಕಿದಾಗ. ಜೀಡಿಮೆಟ್ಲದಲ್ಲೂ ಫತುಲ್ಲಾಗೂಡದಲ್ಲೂ ಕಟ್ಟಡದ ಅವಶೇಷ ಸಂಸ್ಕರಿಸುವ ಘಟಕಗಳಿವೆ. ಅಲ್ಲಿಗೇ ಹೋಗಲಿ ಎಂದು ಒಪ್ಪಂದದಲ್ಲಿ ಬರೆಸಿ, ಸಾಗಣೆಯ ಚೀಟಿ ಕೇಳಿ ಪಡೆಯಿರಿ.

ಮರೆಯುವ ಇನ್ನೊಂದು ಖರ್ಚು ಬಾಡಿಗೆ. ಹದಿನೈದಡಿ ಮೀರಿದ ಕೋಣೆಗೆ ಸೆಂಟ್ರಿಂಗಿನ ಆಸರೆಯನ್ನು ಕನಿಷ್ಠ 14 ದಿನ ತೆಗೆಯುವಂತಿಲ್ಲ. ಒಡೆಯುವುದು, ಕಟ್ಟುವುದು, ಆರುವುದು, ಗಿಲಾವು ಎಲ್ಲ ಸೇರಿ ಮೇಲಿನ ಮಹಡಿ ಎರಡು ತಿಂಗಳು ಖಾಲಿಯಿರಬೇಕು. ವಯಸ್ಸಾದ ಅವ್ವ ಅಪ್ಪ ಇದ್ದರೆ ಅವರ ಜಾಗ ಮೊದಲು ಗೊತ್ತುಮಾಡಿ.

ಸಾಲ ತೆಗೆಯುವವರಿಗೆ ಒಂದು ಮಾತು. ಬ್ಯಾಂಕುಗಳು ಮನೆ ದುರಸ್ತಿಗೂ ಗೃಹಸಾಲ ಕೊಡುತ್ತವೆ, ವೈಯಕ್ತಿಕ ಸಾಲಕ್ಕಿಂತ ಬಡ್ಡಿ ಕಡಿಮೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ತಾವೇ ವಾಸಿಸುವ ಮನೆಯ ದುರಸ್ತಿ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗೆ ಕಳೆಯಬಹುದು. ಬಿಲ್ಲುಗಳನ್ನು ಜೋಪಾನ ಮಾಡಿ.

ಅಪಾರ್ಟ್‌ಮೆಂಟಿನಲ್ಲಿರುವವರು ಗಮನಿಸಬೇಕಾದದ್ದು ಬೇರೆ: ತಾರಸಿ ಎಲ್ಲರದು. ಸೋರುವುದು ಕೊನೆಯ ಮಹಡಿಯವರ ಮನೆಯೇ ಆದರೂ ಖರ್ಚು ಸಂಘದ್ದು. ಜಮೀನಿನ ಪಾಲಿಗೆ ತಕ್ಕಂತೆ ಹಂಚಿ, ಸಭೆಯ ನಡಾವಳಿಯಲ್ಲಿ ಬರೆದಿಡಿ.

ಯಾವ ತಿಂಗಳು?

ಜೂನ್‌ನಿಂದ ಸೆಪ್ಟೆಂಬರ್ ನೋಡುವ ಕಾಲ. ಅಕ್ಟೋಬರ್ ಪರೀಕ್ಷೆಯ, ಕೊಟೇಶನ್ನಿನ ಕಾಲ. 2020ರ ಮಳೆ ಅಕ್ಟೋಬರಿನಲ್ಲೇ ಬಂದದ್ದು ನೆನಪಿದ್ದರೆ ಆ ತಿಂಗಳು ಯಾರೂ ಛತ್ತು ತೆರೆಯುವುದಿಲ್ಲ. ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯೊಳಗೆ ಕಾಂಕ್ರೀಟಿನ ಕೆಲಸ ಮುಗಿಯಲಿ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ ಬಿಸಿ ಒಣ ಹವೆಯಲ್ಲಿ 14 ದಿನ ನೀರುಣಿಸಬೇಕು. ಏಪ್ರಿಲ್‌ನಲ್ಲಿ ಆ ನೀರನ್ನು ಟ್ಯಾಂಕರಿನಿಂದ ಕೊಳ್ಳಬೇಕಾಗುತ್ತದೆ, ಬಿಸಿಲು ಅದನ್ನು ಹಾಕಿದಷ್ಟೇ ಬೇಗ ಕುಡಿದುಬಿಡುತ್ತದೆ. ಒಣ ಮೈ ಬೇಡುವ ಲೇಪಗಳನ್ನು ಮಾರ್ಚ್‌ಗೆ ಇಟ್ಟುಕೊಳ್ಳಿ.

ಕೊಟೇಶನ್ ಮೂರಾದರೂ ಬೇಕು, ಮೂವರಿಗೂ ಕೊಡುವ ಕೆಲಸದ ಪಟ್ಟಿ ಒಂದೇ ಇರಬೇಕು. ಪದರ ಎಷ್ಟು, ದಪ್ಪ ಎಷ್ಟು, ಗೋಡೆಗೆ ಎಷ್ಟು ಏರಿಕೆ, ಪೈಪು ಎಷ್ಟು, ಎಲ್ಲ ಅದರಲ್ಲಿರಲಿ. ಹತ್ತು ವರ್ಷ ಗ್ಯಾರಂಟಿ ಎಂದವರನ್ನು ಅದು ಸಾಮಾನಿಗೋ ಕೆಲಸಕ್ಕೋ ಎಂದು ಕೇಳಿ. ಸಾಮಾನಿನದು ಮಾತ್ರವಾದರೆ ಸೋರಿದಾಗ ಸಿಗುವುದು ಒಂದೆರಡು ಡಬ್ಬ. ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡಿ, ಹತ್ತನೇ ಒಂದು ಭಾಗವನ್ನು ಮೊದಲ ಮಳೆಗಾಲ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳಿ. ಒಪ್ಪದವರು ತಮ್ಮ ಕೆಲಸವನ್ನು ತಾವೇ ನಂಬುತ್ತಿಲ್ಲ ಎಂದೇ ನನ್ನ ಎಣಿಕೆ.

ನೀರು ತಡೆಯುವ ಪದರ ಹಾಕಿದ ಮೇಲೆ, ಅದನ್ನು ಮುಚ್ಚುವ ಮೊದಲು, ಪೈಪಿನ ಬಾಯಿ ಕಟ್ಟಿ ಎರಡಿಂಚು ನೀರು ಮೂರು ದಿನ ನಿಲ್ಲಿಸಿ ನೋಡಬೇಕು. ಎರಡಿಂಚಿಗಿಂತ ಹೆಚ್ಚು ಬೇಡ. ಸ್ಲ್ಯಾಬು ದುರ್ಬಲವೆಂದು ವರದಿ ಇದ್ದರೆ ಇಂಜಿನಿಯರನ್ನು ಕೇಳದೆ ಅಷ್ಟೂ ಬೇಡ.

ಬಿಸಿಲಿನ ಪಾಲು

ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ತಾರಸಿಗೆ ಬಿಳಿ ಹೊದಿಕೆ ಅಲಂಕಾರವಲ್ಲ. ತೆಲಂಗಾಣ ಸರ್ಕಾರ 2023ರ ಏಪ್ರಿಲ್‌ನಲ್ಲಿ 2028ರವರೆಗಿನ ತಂಪು ಛಾವಣಿ ನೀತಿ ತಂದು, 600 ಚದರ ಗಜ ಮತ್ತು ಅದಕ್ಕೂ ದೊಡ್ಡ ನಿವೇಶನದ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿತು. ಚಿಕ್ಕ ಮನೆಯವರಿಗೆ ಒತ್ತಾಯವಿಲ್ಲ. ಆದರೂ ನಾನು ಮಾಡಿಸಿ ಎಂದೇ ಹೇಳುತ್ತೇನೆ. ಹಗಲು ಕಾದು ರಾತ್ರಿ ತಣಿಯುವ ಎಳೆದಾಟ ಕಡಿಮೆಯಾದಷ್ಟೂ ಬಿರುಕು ಕಡಿಮೆ. ಒಂದು ಎಚ್ಚರ: ಬಿಸಿಲು ಹಿಂದೆ ತಳ್ಳುವ ಬಿಳಿ ಬಣ್ಣ ಬೇರೆ, ನೀರು ತಡೆಯುವ ಪದರ ಬೇರೆ. ಮೊದಲನೆಯದನ್ನು ಎರಡನೆಯದರ ಹೆಸರಲ್ಲಿ ಮಾರುವವರಿದ್ದಾರೆ. ಈ ವರ್ಷ ಹಣ ಸಾಲದಿದ್ದರೆ ಬಣ್ಣ ಮುಂದಿನ ಬೇಸಿಗೆಗೆ ಇರಲಿ, ವಾಟ ಮತ್ತು ಪೈಪು ಕಾಯುವುದಿಲ್ಲ.

ಸೌರ ಫಲಕದ ಆಲೋಚನೆ ಇದ್ದವರು ಛಾವಣಿ ಮುಗಿಸಿಯೇ ಅದಕ್ಕೆ ಕೈ ಹಾಕಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ ಎಂದು ಆತುರಪಟ್ಟು, ಸೋರುವ ತಾರಸಿಗೆ ಮೊಳೆ ಹೊಡೆಸಿ ಇಪ್ಪತ್ತೈದು ವರ್ಷದ ಫಲಕ ಕೂರಿಸಿದರೆ ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ. ತಾರಸಿಯ ಮೇಲೆ ತಗಡಿನ ಶೆಡ್ ಎತ್ತುವವರು ನಗರಪಾಲಿಕೆಯನ್ನು ಕೇಳಿಕೊಳ್ಳಿ, ಎತ್ತರದ ಮಿತಿಯನ್ನೂ ನೋಡಿಕೊಳ್ಳಿ. 2008ರ ಮಾರ್ಚ್‌ನಲ್ಲಿ ಪ್ರಯಾಣಿಕರ ವಿಮಾನಗಳು ಶಂಶಾಬಾದಿಗೆ ಹೋದವು, ಆದರೆ ಬೇಗಂಪೇಟೆಯ ರನ್‌ವೇ ಇನ್ನೂ ಬಳಕೆಯಲ್ಲಿದೆ.

ನಮ್ಮ ಕೆಲಸ ಫೆಬ್ರವರಿ ಕೊನೆಗೆ ಮುಗಿಯಿತು. ಮೂರು ಪೈಪು, ನಾಲ್ಕಿಂಚಿನವು, ಪ್ರತಿಯೊಂದರ ಬಾಯಿಗೂ ಗುಮ್ಮಟದಂಥ ಜಾಲರಿ. ಪ್ರತಿ ವರ್ಷ ಮಿರಗದ ಮಳೆ ಕೂಡುವ ಮುಂಚೆ, ಜೂನ್ ಮೊದಲ ಭಾನುವಾರ, ಜಾಲರಿ ಬಿಚ್ಚಿ ತೊಳೆದು, ದೂರದ ಮೂಲೆಯಲ್ಲಿ ಒಂದು ಬಕೆಟ್ ನೀರು ಸುರಿಯುವುದು ಈಗ ಮನೆಯ ರೂಢಿ. ನೀರು ಎಲ್ಲೂ ನಿಲ್ಲದೆ ಪೈಪಿನ ಬಾಯಿ ಸೇರಬೇಕು. ಎಲ್ಲಾದರೂ ತಡೆದರೆ ಆ ಜಾಗಕ್ಕೆ ಅಪ್ಪ ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತಾರೆ, ಮಕ್ತಲ್ ಮೇಸ್ತ್ರಿಗೆ ಫೋನು ಹೋಗುತ್ತದೆ.